ಲೀಗಿನ ಹೆಸರು ಬಿಡಿ, ನಿಮಿಷ ಎಣಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ಹೊತ್ತು ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದ ಬೇಲಿಗೆ ಒರಗಿ ಮಗನ ಆಟ ನೋಡುವ ಅಪ್ಪಂದಿರು, ಬೆಳಗಿನ ಜಾವ ಎದ್ದು ಮಗಳ ಬೂಟಿನ ಮಣ್ಣು ಕೊಡವಿ ಕಳಿಸುವ ಅಮ್ಮಂದಿರು, ಗೌತಮಪುರದ ಗಲ್ಲಿಯಲ್ಲಿ ಕತ್ತಲಾಗುವವರೆಗೂ ಚೆಂಡು ಒದ್ದು ಆಮೇಲೆ ಇಂಗ್ಲೆಂಡಿನ ಪಂದ್ಯ ನೋಡಲು ನಿದ್ದೆಗೆಡುವ ಹುಡುಗರು, ಇವತ್ತಿನ ಮಾತು ನಿಮಗೆ. ನಿಮ್ಮೆಲ್ಲರ ಪ್ರಶ್ನೆ ಒಂದೇ: ಒಳ್ಳೆಯ ಫುಟ್‌ಬಾಲ್ ಆಟಗಾರ ಸಣ್ಣ ಲೀಗಿನಲ್ಲೇ ಉಳಿದುಬಿಟ್ಟರೆ ಅವನ ಪ್ರತಿಭೆ ಹಾಳಾಗುತ್ತದೆಯೇ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಲೀಗಿನ ಹೆಸರು ಕೇಳಬೇಡಿ. ವರ್ಷಕ್ಕೆ ಎಷ್ಟು ನಿಮಿಷ ಅಂಗಳದಲ್ಲಿದ್ದ ಅಂತ ಕೇಳಿ. ಆ ನಿಮಿಷಗಳಲ್ಲಿ ಕಷ್ಟದ್ದೆಷ್ಟು ಅಂತ ಕೇಳಿ. ಬೆಂಚಿನ ಮೇಲೆ ಕೂತವನು ಹಾಳಾಗುತ್ತಾನೆ, ಆ ಬೆಂಚು ಯಾವ ದೇಶದ್ದಾದರೂ ಸರಿ.

ಲೆಕ್ಕ ಸುಲಭ. ಒಂದು ಪಂದ್ಯಕ್ಕೆ 90 ನಿಮಿಷ. ಸಣ್ಣ ಲೀಗಿನ ಹುಡುಗ ವರ್ಷಕ್ಕೆ 30 ಪಂದ್ಯ ಪೂರ್ತಿ ಆಡಿದರೆ 2700 ನಿಮಿಷ. ದೊಡ್ಡ ಕ್ಲಬ್ಬಿಗೆ ಹೋದ ಹುಡುಗ ಹತ್ತು ಪಂದ್ಯಗಳಲ್ಲಿ ಕೊನೆಯ 12 ನಿಮಿಷಕ್ಕೆ ಬದಲಿಯಾಗಿ ಇಳಿದರೆ 120 ನಿಮಿಷ. ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ನಾಲ್ಕು ವರ್ಷ ಹೀಗೇ ಹೋದರೆ ಒಬ್ಬನಿಗೆ 10,800 ನಿಮಿಷ, ಇನ್ನೊಬ್ಬನಿಗೆ 480. ಆ ವಯಸ್ಸು ಮತ್ತೆ ಬರುವುದಿಲ್ಲ. ದಿನಾ ಪ್ರಾಕ್ಟೀಸ್ ಇದೆಯಲ್ಲ ಅನ್ನುತ್ತೀರಿ. ಪ್ರಾಕ್ಟೀಸಿನಲ್ಲಿ ನಿಮ್ಮ ತಂಡದವನೇ ನಿಮ್ಮ ಕಾಲಿಗೆ ಜೋರಾಗಿ ಬೀಳುವುದಿಲ್ಲ. ಒಂದು ಗೋಲು ಹಿಂದಿದ್ದು ಎಂಬತ್ತೈದನೇ ನಿಮಿಷದಲ್ಲಿ ತೊಡೆ ಹಿಡಿದುಕೊಂಡಾಗ ಯಾವ ಓಟ ಓಡಬೇಕು, ಯಾವುದನ್ನು ಬಿಡಬೇಕು ಎಂಬುದು ಪಂದ್ಯದಲ್ಲಿ ಮಾತ್ರ ಕಲಿಯುವ ವಿದ್ಯೆ.

ಇದಕ್ಕೆ ಸ್ವೀಡನ್ನಿನ ಹೆನ್ರಿಕ್ ಲಾರ್ಸನ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಈ ಪ್ರಶ್ನೆಯ ಎಲ್ಲ ಉತ್ತರವೂ ಅವರ ಆಟದಲ್ಲೇ ಇದೆ.

1993ರಲ್ಲಿ ಲಾರ್ಸನ್ ಹಾಲೆಂಡಿನ ಫೆಯನೂರ್ಡ್ ಕ್ಲಬ್ ಸೇರಿದರು. ಹಾಲೆಂಡಿನ ಲೀಗ್ ಸ್ಕಾಟ್ಲೆಂಡಿನ ಲೀಗಿಗಿಂತ ಗಟ್ಟಿ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಏನಾಯಿತು? ಇವತ್ತು ಒಂದು ಜಾಗ, ನಾಳೆ ಇನ್ನೊಂದು ಜಾಗ. ಆಟ ಕುದುರುವ ಹೊತ್ತಿಗೆ ಬದಲಿ ಆಟಗಾರನ ನಂಬರಿನ ಬೋರ್ಡು ಮೇಲೇಳುತ್ತಿತ್ತು. ನಾಲ್ಕು ವರ್ಷಕ್ಕೆ ಲೀಗಿನಲ್ಲಿ 26 ಗೋಲು. ಅವರ ಒಪ್ಪಂದದಲ್ಲಿ ಒಂದು ಷರತ್ತು ಇತ್ತು: ಇಷ್ಟು ಹಣ ಕೊಡುವ ಕ್ಲಬ್ ಬಂದರೆ ಬಿಟ್ಟುಕೊಡಬೇಕು. 1997ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡದ ಕೋಚ್ ವಿಮ್ ಯಾನ್ಸನ್. ಅವರು ಹಿಂದೆ ಫೆಯನೂರ್ಡ್‌ನಲ್ಲೇ ಇದ್ದವರು, ಲಾರ್ಸನ್ ಏನು ಅಂತ ಬಲ್ಲವರು. ಆರೂವರೆ ಲಕ್ಷ ಪೌಂಡಿಗೆ ಕರೆದುಕೊಂಡು ಬಂದರು.

ಮೊದಲ ಲೀಗ್ ಪಂದ್ಯ ಎಡಿನ್‌ಬರೋದಲ್ಲಿ, ಹಿಬರ್ನಿಯನ್ ವಿರುದ್ಧ. ಲಾರ್ಸನ್ ಬದಲಿಯಾಗಿ ಇಳಿದರು. ಒಂದು ಪಾಸ್ ನೇರವಾಗಿ ಎದುರಾಳಿಯ ಕಾಲಿಗೆ ಹೋಯಿತು, ಅವನು ಅದನ್ನೇ ಗೋಲಿಗೆ ಬಾರಿಸಿದ, ಸೆಲ್ಟಿಕ್ 2-1ರಲ್ಲಿ ಸೋತಿತು. ಇಂಥ ಆರಂಭ ಕಂಡ ಹೊಸಬನನ್ನು ದೊಡ್ಡ ಕ್ಲಬ್ಬುಗಳು ಎರಡು ತಿಂಗಳು ಬೆಂಚಿಗೆ ಹಾಕಿಬಿಡುತ್ತವೆ. ಸೆಲ್ಟಿಕ್ ಆಡಿಸಿತು. ಆ ವರ್ಷದ ಕೊನೆಯ ಪಂದ್ಯದಲ್ಲಿ, ಸೇಂಟ್ ಜಾನ್‌ಸ್ಟನ್ ವಿರುದ್ಧ, ಶುರುವಾದ ಮೂರು ನಿಮಿಷದೊಳಗೆ ಲಾರ್ಸನ್ ಗೋಲು ಹೊಡೆದರು. ಲೀಗ್ ಸೆಲ್ಟಿಕ್ ಪಾಲಾಯಿತು. ಸತತ ಒಂಬತ್ತು ವರ್ಷ ಲೀಗ್ ಗೆದ್ದು ಹತ್ತನೆಯದಕ್ಕೆ ಕೈಚಾಚಿದ್ದ ಅದೇ ಊರಿನ ರೇಂಜರ್ಸ್ ಅಲ್ಲಿಗೆ ನಿಂತಿತು.

1999ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಲಿಯಾನ್ ಊರಿನಲ್ಲಿ ಅವರ ಕಾಲು ಎರಡು ಕಡೆ ಮುರಿಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ಯುರೋಪಿನ ದೇಶಗಳ ಟೂರ್ನಿ ಯುರೋ 2000ರಲ್ಲಿ ಸ್ವೀಡನ್ ಪರ ಆಡಿ ಇಟಲಿಗೆ ಗೋಲು ಹೊಡೆದರು. ಆಮೇಲೆ ಬಂದ 2000-01ರ ಋತುವಿನಲ್ಲಿ ಲೀಗಿನಲ್ಲಿ 35, ಎಲ್ಲ ಸ್ಪರ್ಧೆ ಸೇರಿ 53 ಗೋಲು. ಅದರಲ್ಲಿ ಒಂದನ್ನು ಹುಡುಗರು ಹುಡುಕಿ ನೋಡಬೇಕು. 2000ದ ಆಗಸ್ಟ್, ಸೆಲ್ಟಿಕ್ 6, ರೇಂಜರ್ಸ್ 2. ಚೆಂಡು ಹಿಡಿದು ಲಾರ್ಸನ್ ಓಡುತ್ತಾರೆ. ರೇಂಜರ್ಸ್ ಡಿಫೆಂಡರ್ ಕಾನ್ಟರ್‌ಮನ್ ಅಡ್ಡ ಬರುತ್ತಾರೆ, ಅವರ ಎರಡು ಕಾಲುಗಳ ನಡುವಿನಿಂದ ಚೆಂಡು ದಾಟುತ್ತದೆ. ಗೋಲ್‌ಕೀಪರ್ ಕ್ಲೋಸ್ ಎರಡು ಹೆಜ್ಜೆ ಮುಂದೆ ಬಂದಿದ್ದಾರೆ. ಬೇರೆಯವರಾದರೆ ಜೋರಾಗಿ ಬಾರಿಸುತ್ತಿದ್ದರು. ಲಾರ್ಸನ್ ಓಟ ನಿಲ್ಲಿಸದೆ ಬೂಟಿನ ತುದಿಯನ್ನು ಚೆಂಡಿನಡಿಗೆ ತೂರಿಸಿ, ಗೋಲ್‌ಕೀಪರ್ ತಲೆಯ ಮೇಲಿಂದ ಮೆಲ್ಲಗೆ ಇಳಿಸಿದರು. ಅಂಥ ನಿರ್ಧಾರ ಮಾಡುವ ಧೈರ್ಯ ಎಲ್ಲಿಂದ ಬಂತು? ಆಡಿ ಆಡಿ ಬಂತು. ನಿಮಿಷಗಳಿಂದ ಬಂತು.

ಆ ವರ್ಷ, ಲೀಗಿನಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಯುರೋಪಿನ ಚಿನ್ನದ ಬೂಟು ಯಾರಿಗೆ ಹೋಯಿತು ಗೊತ್ತೇ? ಆ ಪ್ರಶಸ್ತಿಯಲ್ಲಿ ಗಟ್ಟಿ ಲೀಗಿನ ಒಂದು ಗೋಲಿಗೆ ಎರಡು ಅಂಕ, ಸ್ಕಾಟ್ಲೆಂಡಿನಂಥ ಲೀಗಿನ ಗೋಲಿಗೆ ಒಂದೂವರೆ ಅಂಕ. ಇಟಲಿಯ ಲಾಟ್ಸಿಯೋ ಪರ ಹೆರ್ನಾನ್ ಕ್ರೆಸ್ಪೋ 26 ಗೋಲು, 52 ಅಂಕ. ಲಾರ್ಸನ್ 35 ಗೋಲು, ಐವತ್ತೆರಡೂವರೆ ಅಂಕ. ಸಣ್ಣ ಲೀಗು ಎಂದು ಕಾಲು ಭಾಗ ಕಳೆದರೂ ಅವರೇ ಮೊದಲು.

ಈಗ ನೀವು ಹೇಳುತ್ತೀರಿ, ಸಣ್ಣ ಲೀಗಿನಲ್ಲಿ ಗೋಲು ಹೊಡೆಯುವುದು ಸುಲಭ. ಹೌದು. ಅದಕ್ಕೇ ಎರಡನೇ ಮಾತು ಹೇಳಿದ್ದು, ಕಷ್ಟದ ನಿಮಿಷ ಎಷ್ಟು ಅಂತ. ಲಾರ್ಸನ್‌ಗೆ ವರ್ಷಕ್ಕೆ ನಾಲ್ಕೈದು ಸಲ ರೇಂಜರ್ಸ್ ಎದುರು. ಅದರ ಮೇಲೆ ಯುರೋಪಿನ ರಾತ್ರಿಗಳು. 2002-03ರಲ್ಲಿ ಯುರೋಪಿನ ಕ್ಲಬ್ಬುಗಳ ಸ್ಪರ್ಧೆಯಾದ ಯುಇಎಫ್‌ಎ ಕಪ್ಪಿನಲ್ಲಿ ಸೆಲ್ಟಿಕ್ ಬ್ಲ್ಯಾಕ್‌ಬರ್ನ್, ಸೆಲ್ಟಾ ವೀಗೋ, ಸ್ಟುಟ್‌ಗಾರ್ಟ್, ಲಿವರ್‌ಪೂಲ್, ಬೋವಾವಿಸ್ಟಾ ತಂಡಗಳನ್ನು ದಾಟಿ ಫೈನಲ್ ಮುಟ್ಟಿತು. ಸೆವಿಲ್ ನಗರದ ಸೆಕೆಯಲ್ಲಿ ಎದುರಿಗೆ ಕೋಚ್ ಮೊರಿನ್ಯೋ ಅವರ ಪೋರ್ಚುಗಲ್ ತಂಡ ಪೋರ್ಟೋ. ಪೋರ್ಟೋ ಮುಂದೆ ಹೋದಾಗ ಲಾರ್ಸನ್ ತಲೆಯಿಂದ ಸಮ ಮಾಡಿದರು. ಮತ್ತೆ ಮುಂದೆ ಹೋಯಿತು, ಮತ್ತೆ ತಲೆಯಿಂದಲೇ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ 3-2ಕ್ಕೆ ಸೋತರು. ಆ ಪೋರ್ಟೋ ಮರುವರ್ಷ ಇಡೀ ಯುರೋಪಿಗೇ ಚಾಂಪಿಯನ್.

ಏಳು ವರ್ಷ, 242 ಗೋಲು. ಆಮೇಲೆ 2004ರಲ್ಲಿ, 32ನೇ ವಯಸ್ಸಿಗೆ, ಬಾರ್ಸಿಲೋನಾಕ್ಕೆ ಹೋದರು. 2006ರ ಮೇ 17, ಪ್ಯಾರಿಸ್, ಚಾಂಪಿಯನ್ಸ್ ಲೀಗ್ ಫೈನಲ್. ಆರ್ಸೆನಲ್ ತಂಡಕ್ಕೆ ಹತ್ತೇ ಜನ, ಆದರೂ ಒಂದು ಗೋಲು ಮುಂದೆ. 61ನೇ ನಿಮಿಷಕ್ಕೆ ಲಾರ್ಸನ್ ಬದಲಿಯಾಗಿ ಇಳಿದರು. 76ನೇ ನಿಮಿಷ, ಇನಿಯೆಸ್ಟಾ ಕೊಟ್ಟ ಪಾಸ್ ಜೋರಾಗಿ ಬರುತ್ತಿದೆ. ಲಾರ್ಸನ್ ಅದನ್ನು ನಿಲ್ಲಿಸಲಿಲ್ಲ. ಬೂಟಿನಿಂದ ಸವರಿದರು ಅಷ್ಟೇ, ಚೆಂಡು ದಿಕ್ಕು ಬದಲಿಸಿ ಎಟೋ ಮುಂದೆ ಹೋಯಿತು, ಗೋಲು. ಐದು ನಿಮಿಷದೊಳಗೆ ಬಲಗಡೆಯಿಂದ ಓಡಿಬಂದ ಬೆಲೆಟ್ಟಿಗೆ ಇನ್ನೊಂದು ಪಾಸ್, ಇನ್ನೊಂದು ಗೋಲು. ಟ್ರೋಫಿ ಬಾರ್ಸಿಲೋನಾದ್ದು. ಏಳು ವರ್ಷ ಸ್ಕಾಟ್ಲೆಂಡಿನಲ್ಲಿ ಕೂತು ಪ್ರತಿಭೆ ಹಾಳುಮಾಡಿಕೊಂಡವರು ಆ ಒಂದು ಟಚ್ ಆಡಲು ಸಾಧ್ಯವೇ?

ಲಾರ್ಸನ್ ಅವರ ಕಥೆಗೇ ಅರ್ಧ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಸಣ್ಣ ಲೀಗಿನಲ್ಲಿ ಕೆಡುವುದು ಅಭ್ಯಾಸ. ಡಿಫೆಂಡರ್ ಎರಡು ಮಾರು ದೂರ ನಿಲ್ಲುತ್ತಾನೆ. ಫಾರ್ವರ್ಡ್ ಚೆಂಡು ನಿಲ್ಲಿಸುತ್ತಾನೆ, ತಲೆ ಎತ್ತಿ ನೋಡುತ್ತಾನೆ, ಸರಿಪಡಿಸಿಕೊಂಡು ಬಾರಿಸುತ್ತಾನೆ. ಮೂರು ಟಚ್. ಗೋಲು ಬರುತ್ತಲೇ ಇರುತ್ತದೆ, ಯಾರೂ ತಿದ್ದುವುದಿಲ್ಲ. ಗಟ್ಟಿ ಲೀಗಿನಲ್ಲಿ ಎರಡನೇ ಟಚ್ಚಿಗೇ ಡಿಫೆಂಡರ್ ಮೈಮೇಲಿರುತ್ತಾನೆ. ಗೆಲ್ಲುವ ತಂಡದ ಸೆಂಟರ್ ಬ್ಯಾಕಿಗೆ, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರಿಗೆ, ಇನ್ನೊಂದು ತೊಂದರೆ: ಚೆಂಡು ಸದಾ ತನ್ನ ತಂಡದ ಹತ್ತಿರವೇ ಇರುವುದರಿಂದ ನಿಜವಾದ ಪರೀಕ್ಷೆ ಒಂದು ಪಂದ್ಯಕ್ಕೆ ಮೂರೋ ನಾಲ್ಕೋ ಸಲ. ಗೋಲ್‌ಕೀಪರ್ ವಿಷಯ ತಿರುಗುಮುರುಗು. ಸೋಲುವ ತಂಡದ ಗೋಲ್‌ಕೀಪರಿಗೆ ಕೈತುಂಬ ಕೆಲಸ, ಅವನು ಬೇಗ ಬೆಳೆಯುತ್ತಾನೆ.

ಇದಕ್ಕೆ ಮದ್ದು ನಿಮ್ಮ ಮೈದಾನದಲ್ಲೇ ಇದೆ. 20 ಮೀಟರ್ ಉದ್ದ, 15 ಮೀಟರ್ ಅಗಲದ ಚೌಕ ಹಾಕಿ. ನಾಲ್ಕು ಜನಕ್ಕೆ ನಾಲ್ಕು ಜನ. ಒಬ್ಬೊಬ್ಬರಿಗೆ ಎರಡೇ ಟಚ್. ನಾಲ್ಕು ನಿಮಿಷ ಆಟ, ಎರಡು ನಿಮಿಷ ವಿರಾಮ, ಹೀಗೆ ಐದು ಸಲ, ವಾರಕ್ಕೆ ಎರಡು ದಿನ. ಮೂರು ವಾರ ಆದಮೇಲೆ ಒಂದೇ ಟಚ್ ಮಾಡಿ. ಮೊದಮೊದಲು ಚೆಂಡು ಹೊರಗೇ ಹೋಗುತ್ತದೆ, ಹುಡುಗರು ಗೊಣಗುತ್ತಾರೆ. ಚೌಕ ದೊಡ್ಡದು ಮಾಡಬೇಡಿ. ಚೆಂಡು ಬರುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡುವುದನ್ನು ಕಲಿಸಿ, ಚೆಂಡು ತಾನಾಗಿ ಒಳಗೆ ಉಳಿಯುತ್ತದೆ. ತಮಗಿಂತ ಎರಡು ವರ್ಷ ದೊಡ್ಡವರ ಜೊತೆ ವಾರಕ್ಕೊಂದು ಪಂದ್ಯ ಆಡಿಸಿ. ಕಷ್ಟದ ನಿಮಿಷ ಅಂದರೆ ಇದೇ.

ನಮ್ಮವರ ಲೆಕ್ಕಕ್ಕೆ ಬನ್ನಿ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ತಾಬೆಕ್ ಕ್ಲಬ್ಬಿಗೆ ಹೋದರು. ಲೀಗಿನ ಮೊದಲ ಪಂದ್ಯಕ್ಕೆ 2016ರ ಮೇವರೆಗೆ ಕಾಯಬೇಕಾಯಿತು, ಯಾಕೆಂದರೆ ಮುಂದೆ ಸಾಯೂಬಾ ಮಾಂಡೇ ಎಂಬ ಇನ್ನೊಬ್ಬ ಗೋಲ್‌ಕೀಪರ್ ಇದ್ದರು. ಗೋಲ್‌ಕೀಪರ್ ಜಾಗ ಒಂದೇ, ಅದಕ್ಕೆ ಸರದಿಯೂ ಉದ್ದ. 2017ರಲ್ಲಿ ಅವರು ಬೆಂಗಳೂರು ಎಫ್‌ಸಿಗೆ ಬಂದಾಗ ಹಿಂದೆ ಬಂದರು ಅಂತ ಮಾತಾಡಿದವರು ಬಹಳ. 2018-19ರಲ್ಲಿ ಬೆಂಗಳೂರು ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಗೆದ್ದಿತು, ಒಳ್ಳೆಯ ಗೋಲ್‌ಕೀಪರಿಗೆ ಕೊಡುವ ಚಿನ್ನದ ಗ್ಲೌಸು ಗುರ್‌ಪ್ರೀತ್ ಅವರಿಗೆ. 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಹೊಡೆತದ ಮೇಲೆ ಹೊಡೆತ ಹೊಡೆಯಿತು. ನಾಯಕನಾಗಿದ್ದ ಗುರ್‌ಪ್ರೀತ್ ಒಂದನ್ನೂ ಒಳಗೆ ಬಿಡಲಿಲ್ಲ, 0-0. ಸುನಿಲ್ ಛೆಟ್ರಿ 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಬಿ ತಂಡಕ್ಕೆ ಹೋದರು, ಲೀಗಿನಲ್ಲಿ ಸಿಕ್ಕಿದ್ದು ಮೂರು ಪಂದ್ಯ. ಮರುವರ್ಷ ಬೆಂಗಳೂರಿಗೆ ಬಂದರು. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದಾಗ ಅವರ ಲೆಕ್ಕ 151 ಪಂದ್ಯ, 94 ಗೋಲು.

ಹಾಗಂತ ಇಲ್ಲೇ ಇರಿ ಅಂತ ನಾನು ಹೇಳುತ್ತಿಲ್ಲ. ಆಡಿಸುವ ಕಡೆ ಹೋಗಿ. ಮನೀಷಾ ಕಲ್ಯಾಣ್ 2022ರಲ್ಲಿ ಹೋದದ್ದು ಸೈಪ್ರಸ್ ಎಂಬ ಪುಟ್ಟ ದೇಶದ ಅಪೋಲೋನ್ ಕ್ಲಬ್ಬಿಗೆ. ಅಲ್ಲಿಂದಲೇ ಮಹಿಳೆಯರ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯರಾದರು. ಜಪಾನಿನ ಮಿಟೋಮಾ ಹದಿನೆಂಟಕ್ಕೆ ವೃತ್ತಿಪರ ಒಪ್ಪಂದ ಬೇಡವೆಂದು ಕಾಲೇಜು ತಂಡಕ್ಕೆ ಆಡಿದರು. ಆಮೇಲೆ ಜಪಾನ್ ಲೀಗ್, ಬೆಲ್ಜಿಯಮ್, ಕೊನೆಗೆ ಇಂಗ್ಲೆಂಡ್. ಪ್ರತಿ ಮೆಟ್ಟಿಲಲ್ಲೂ ಆಡಿದರು. ಅಮೆರಿಕದ ಫ್ರೆಡ್ಡಿ ಅಡು ಹದಿನಾಲ್ಕಕ್ಕೇ ದೊಡ್ಡವರ ಲೀಗಿಗೆ ಇಳಿದು, ಹದಿನೆಂಟಕ್ಕೆ ಬೆನ್ಫಿಕಾ ಸೇರಿ, ಒಂದಾದಮೇಲೊಂದು ದೇಶಕ್ಕೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್ಬಿಗೆ ಬಿಟ್ಟುಕೊಟ್ಟ ಆಟಗಾರನಾಗಿ, ಅಲೆದರು. ನಿಂತು ಆಡಲು ಎಲ್ಲೂ ಸಿಗಲಿಲ್ಲ.

ಇನ್ನು ಕ್ಲಬ್ಬಿನವರು ಮನೆಗೆ ಬಂದಾಗ ನೀವು ಕೇಳಬೇಕಾದ್ದು. ನಮ್ಮ ಹುಡುಗನ ಜಾಗದಲ್ಲಿ ಈಗ ಎಷ್ಟು ಜನ ಇದ್ದಾರೆ, ಅವರ ವಯಸ್ಸೆಷ್ಟು? ಹೋದ ವರ್ಷ ಇಪ್ಪತ್ತೊಂದರೊಳಗಿನವರಿಗೆ ಒಟ್ಟು ಎಷ್ಟು ನಿಮಿಷ ಕೊಟ್ಟಿರಿ? ಆಡಿಸದಿದ್ದರೆ ಲೋನ್ ಮೇಲೆ ಕಳಿಸುತ್ತೇವೆ ಅಂತ ಬರೆದುಕೊಡುತ್ತೀರಾ? ಲಾರ್ಸನ್ ಅವರಿಗಿದ್ದಂಥ ಬಿಡುಗಡೆಯ ಷರತ್ತು ಇದೆಯಾ? ಹದಿನೆಂಟು ತುಂಬದ ಹುಡುಗನನ್ನು ವಿದೇಶಿ ಕ್ಲಬ್ಬಿಗೆ ಸೇರಿಸುತ್ತೇನೆ ಅಂತ ಹಣ ಕೇಳಿದವನನ್ನು ಬಾಗಿಲಿನಿಂದಲೇ ಕಳಿಸಿ. ಫಿಫಾ ನಿಯಮ ಸಾಮಾನ್ಯವಾಗಿ ಅದಕ್ಕೆ ಒಪ್ಪುವುದಿಲ್ಲ.

ಐಎಸ್‌ಎಲ್ ತಂಡ ಕರೆದರೂ ಲೆಕ್ಕ ಹಾಕಿ. 2023-24ರಲ್ಲಿ ತಂಡಕ್ಕೆ ಲೀಗಿನ 22 ಪಂದ್ಯ, ಒಂದೂ ಬಿಡದೆ ಆಡಿದರೂ 1980 ನಿಮಿಷ. ಆಗ ಅಂಗಳದಲ್ಲಿ ನಾಲ್ಕು ವಿದೇಶಿಯರಿಗೆ ಅವಕಾಶವಿತ್ತು, ಅವರಲ್ಲೊಬ್ಬರು ಸಾಮಾನ್ಯವಾಗಿ ನಡುವಿನ ಸ್ಟ್ರೈಕರ್. ಛೆಟ್ರಿ ಅವರೇ ವಿದೇಶಿ ಸ್ಟ್ರೈಕರ್ ಮೀಕು ಇದ್ದಾಗ ಎಡಗಡೆ ಆಡಿದರು. ನಿಮ್ಮ ಮಗ ಸ್ಟ್ರೈಕರ್ ಆಗಿದ್ದು ಬೆಂಚಿಗೆ ಬೀಳುವುದಾದರೆ ಇನ್ನೊಂದು ವರ್ಷ ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್ ಆಡಲಿ. ನಮ್ಮೂರ ಲೀಗೆಂದು ಕಡೆಗಣಿಸಬೇಡಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಕರ್ನಾಟಕಕ್ಕೆ ತಂದ ತಂಡವನ್ನು ನೆನಪಿಸಿಕೊಳ್ಳಿ.

ನಾಳೆಯೇ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ನಾಲ್ಕು ಗೆರೆ ಎಳೆಯಿರಿ: ತಾರೀಖು, ಎದುರಾಳಿ, ಆಡಿದ ಜಾಗ, ನಿಮಿಷ. ತನಗಿಂತ ಗಟ್ಟಿ ತಂಡದ ಎದುರು ಆಡಿದ್ದರೆ ನಿಮಿಷದ ಸುತ್ತ ಕೆಂಪು ಸೊನ್ನೆ ಹಾಕಿ. ಪಂದ್ಯ ಮುಗಿದ ರಾತ್ರಿಯೇ ಹುಡುಗನ ಕೈಯಲ್ಲೇ ಬರೆಸಿ, ಮಾರ್ಚ್ ಕೊನೆಗೆ ಕೂಡಿಸಿ. ನಮಸ್ಕಾರ.