ಲಕ್ಕಿ ಬ್ಯಾಂಬೂ ನೀರು ಬದಲಿಸಿದ್ರಾ?

ಎಲ್ಲರಿಗೂ ನಮಸ್ಕಾರ. ಹಾರ, ಶಾಲು ಬೇಡ, ಒಂದು ಗಿಡ ಕೊಟ್ಟರೆ ಸಾಕು ಎಂದು ನಾನೇ ಹೇಳಿದ್ದೆ. ಸಂಘದವರು ಕೊಟ್ಟೂ ಕೊಟ್ಟರು, ಲಕ್ಕಿ ಬ್ಯಾಂಬೂ! ಅದರ ಬಗ್ಗೆಯೇ ಮಾತಾಡಲು ಬಂದವಳಿಗೆ ಅದನ್ನೇ ಕೊಟ್ಟಿದ್ದು ಸರಿಯಾಗಿಯೇ ಇದೆ. ಕೈಗೆ ಬಂದ ತಕ್ಷಣ ನಾನು ಮೂಸಿ ನೋಡಿದೆ, ನೀವೆಲ್ಲ ನಕ್ಕಿರಿ. ನಗಬೇಡಿ, ನೀರು ವಾಸನೆ ಬರುತ್ತಿದೆ. ಇದನ್ನು ತಂದು ಎಷ್ಟು ದಿನ ಆಯ್ತು ಎಂದು ಕಾರ್ಯದರ್ಶಿಯವರನ್ನು ಮೆಲ್ಲಗೆ ಕೇಳಿದೆ. "ಹೋದ ತಿಂಗಳ ಕಾರ್ಯಕ್ರಮಕ್ಕೆ ತಂದಿದ್ದು ಮೇಡಂ, ಆ ಅತಿಥಿ ಇಲ್ಲೇ ಬಿಟ್ಟು ಹೋದ್ರು" ಅಂದರು. ಇರಲಿ, ಸುಳ್ಳು ಹೇಳಲಿಲ್ಲವಲ್ಲ!

ಮೊದಲು ಹೆಸರಿನ ಜಗಳ ಮುಗಿಸಿಬಿಡೋಣ. ಇದು ಬಿದಿರಲ್ಲ. ಬಿದಿರು ಹುಲ್ಲಿನ ಜಾತಿ, ಭತ್ತ ರಾಗಿಗಳ ನೆಂಟ. ಇದು ಡ್ರಸೀನಾ, ಶತಾವರಿಯ ಕುಟುಂಬದ್ದು. ಬಿದಿರಿನ ಗಳ ಸೀಳಿದರೆ ಒಳಗೆ ಪೊಳ್ಳು. ಇದನ್ನು ಕತ್ತರಿಸಿ ನೋಡಿ, ಒಳಗೆಲ್ಲ ಗಟ್ಟಿ. ಮೇಲಿರುವ ಉಂಗುರಗಳು ಎಲೆ ಉದುರಿದ ಗುರುತು, ಅಷ್ಟೇ. ಮಲೆನಾಡಿನವರು ಯಾರಾದರೂ ಇದ್ದರೆ ದಯವಿಟ್ಟು ಇದರ ಚಿಗುರು ಕೊಯ್ದು ಕಳಲೆ ಪಲ್ಯ ಮಾಡಬೇಡಿ. ನಾವು ಮಾತ್ರ ಹೀಗೆ ಏಮಾರಿದ್ದಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆ 2017ರಲ್ಲಿ ತಿದ್ದುಪಡಿ ಆಗುವವರೆಗೂ ಹುಲ್ಲಾದ ಬಿದಿರನ್ನು ಮರ ಅನ್ನುತ್ತಿತ್ತು. ಕಾನೂನೇ ಹಾಗೆಂದ ಮೇಲೆ ಅಂಗಡಿಯವನನ್ನು ಏನು ಬೈಯೋದು?

ಇದರ ತವರು ಚೀನಾ ಅಲ್ಲ. ಆಫ್ರಿಕಾದ ಕ್ಯಾಮರೂನ್ ಕಡೆಯ ಕಾಡು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಆರ್ಕಿಡ್ ನರ್ಸರಿ ಇಟ್ಟಿದ್ದ ಫ್ರೆಡರಿಕ್ ಸ್ಯಾಂಡರ್ ಹೆಸರು ಇದಕ್ಕೆ ಅಂಟಿತು, ಡ್ರಸೀನಾ ಸ್ಯಾಂಡರಿಯಾನಾ. ಚೀನಾದವರು ಹೊಲಗಟ್ಟಲೆ ಬೆಳೆದು, ಸಿರಿ ಗೌರವ ತರುವ ಬಿದಿರು ಎಂದು ಹೆಸರಿಟ್ಟು ಜಗತ್ತಿಗೆಲ್ಲ ಮಾರಿದರು. ಎಷ್ಟು ಕಡ್ಡಿ ಇಟ್ಟರೆ ಏನು ಫಲ ಎಂಬ ಪಟ್ಟಿಯೂ ಜೊತೆಗೇ ಬಂತು. ನಾಲ್ಕು ಮಾತ್ರ ಬೇಡ, ಯಾಕೆಂದರೆ ಚೀನೀ ಭಾಷೆಯಲ್ಲಿ ನಾಲ್ಕು ಎಂಬ ಪದವೂ ಸಾವು ಎಂಬ ಪದವೂ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ಕನ್ನಡದಲ್ಲಿ ಕೇಳುವುದಿಲ್ಲ. ನೀವು ಧೈರ್ಯವಾಗಿ ನಾಲ್ಕು ಇಡಬಹುದು. ನಾನು ಕೇಳುವುದು ಒಂದೇ, ನೀರು ಬದಲಿಸಿದ್ರಾ?

ಇದನ್ನು ಯಾಕೆ ಇಷ್ಟು ಕೇಳುತ್ತೇನೆ ಅಂದರೆ, ಒಂದು ಕಥೆ ಇದೆ. 2024ರ ಮಳೆಗಾಲ. ಡೆಂಗಿ ಜೋರಾಗಿದ್ದ ವರ್ಷ, ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತಲ್ಲ, ಆಗ. ಒಂದು ಬೆಳಿಗ್ಗೆ ಲಾರ್ವಾ, ಅಂದರೆ ನೀರಲ್ಲಿರುವ ಸೊಳ್ಳೆ ಮರಿಗಳ ಸಮೀಕ್ಷೆ ಎಂದು ಆಶಾ ಕಾರ್ಯಕರ್ತೆಯೊಬ್ಬರು ಬಂದರು. ನಾನು ಜಂಬದಿಂದಲೇ ಮನೆ ತೋರಿಸಿದೆ. ನೀರಿನ ಸಂಪಿಗೆ ಬಿಗಿ ಮುಚ್ಚಳ. ಡ್ರಮ್ಮಿಗೆ ಬಟ್ಟೆ ಕಟ್ಟಿದ್ದೆ. ಕುಂಡದ ಕೆಳಗಿನ ತಟ್ಟೆಗಳೆಲ್ಲ ಒಣ ಒಣ. ಫ್ರಿಜ್ಜಿನ ಹಿಂದಿನ ಟ್ರೇ ಕೂಡ ಎಳೆದು ತೋರಿಸಿದೆ. ಪಾಸಾದ ಖುಷಿಯಲ್ಲಿ "ಬನ್ನಿ, ಕಾಫಿ ಕುಡಿದು ಹೋಗಿ" ಎಂದು ಒಳಗೆ ಕರೆದೆ. ಅಲ್ಲೇ ಕೆಟ್ಟಿದ್ದು ನೋಡಿ.

ಲೋಟ ಹಿಡಿದುಕೊಂಡೇ ಅವರು ಟಿವಿ ಪಕ್ಕ ಹೋಗಿ ನಿಂತರು. ಅಲ್ಲಿ ನನ್ನ ನಾದಿನಿ ಗೃಹಪ್ರವೇಶಕ್ಕೆ ಕೊಟ್ಟ ಲಕ್ಕಿ ಬ್ಯಾಂಬೂ, ನೀಲಿ ಗಾಜಿನ ಬೋಗುಣಿಯಲ್ಲಿ. ಮೊಬೈಲ್ ಟಾರ್ಚ್ ಹಾಕಿದರು. "ಮೇಡಂ, ಸ್ವಲ್ಪ ಬನ್ನಿ ಇಲ್ಲಿ." ಹೋಗಿ ಬಗ್ಗಿದೆ. ನೀರಿನ ಮೇಲ್ಮೈಯಿಂದ ಲಾರ್ವಾಗಳು ತಲೆ ಕೆಳಗಾಗಿ ನೇತಾಡುತ್ತಿದ್ದವು, ಎಳ್ಳಿನ ತುದಿಗೆ ದಾರ ಕಟ್ಟಿದ ಹಾಗೆ. ನನ್ನ ನೆರಳು ಬಿದ್ದದ್ದೇ ತಡ, ಎಲ್ಲ ಕೊಂಕಿ ಕೊಂಕಿ ಕಲ್ಲುಗಳ ಸಂದಿಗೆ ಇಳಿದವು. 31 ವರ್ಷ ಕಾಲೇಜಿನಲ್ಲಿ ಬಾಟನಿ ಪಾಠ ಮಾಡಿದವಳು ನಾನು. "ನೀವು ಸೈನ್ಸ್ ಟೀಚರ್ ಅಲ್ವಾ ಮೇಡಂ?" ಎಂದು ತುಂಬ ಮೆತ್ತಗೆ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು. ಪುಸ್ತಕ ತೆಗೆದು ಬರೆದುಕೊಂಡರು. "ಬರೀಲೇಬೇಕಾ?" ಅಂದೆ. "ಬರೀಬೇಕು ಮೇಡಂ." ಮುಂದಿನ ವಾರ ಬಂದಾಗ ಸಂಪು ಡ್ರಮ್ಮು ಏನೂ ನೋಡಲಿಲ್ಲ. ಸೀದಾ ಟಿವಿ ಪಕ್ಕಕ್ಕೇ ಹೋದರು. ಕಾಫಿಯೂ ಬೇಡ ಅಂದರು.

ನನ್ನ ತಪ್ಪು ಏನಾಗಿತ್ತು? ನಾನು ನೀರು ಹಾಕುತ್ತಿದ್ದೆ. ಬದಲಿಸುತ್ತಿರಲಿಲ್ಲ. ಕಡಿಮೆಯಾದಾಗ ಮೇಲಿಂದ ಒಂದು ಲೋಟ ಸುರಿಯೋದು, ಅಷ್ಟೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀವು ನೀರು ಸುರಿದು ಮಟ್ಟ ಏರಿಸಿದಿರಿ ಅಂದರೆ ಬಾಣಂತಿಯ ಉಪಚಾರ ನೀವೇ ಮಾಡಿದ ಹಾಗೆ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಎನ್ನುವುದು. ಪೂರ್ತಿ ಚೆಲ್ಲಿ, ಬಾಟಲಿ ತೊಳೆಯುವ ಬ್ರಷ್ಷಿನಲ್ಲಿ ಒಳಗೋಡೆ ಉಜ್ಜಿ, ಕಲ್ಲುಗಳನ್ನು ಜಾಲಿಸಿ, ಬೇರಿನ ಲೋಳೆಯನ್ನು ಬೆರಳಲ್ಲೇ ಸವರಿ ತೆಗೆದು, ಬೇರು ಮುಳುಗುವಷ್ಟು ಹೊಸ ನೀರು. ಹಳೆ ನೀರನ್ನು ಮೋರಿಗಲ್ಲ, ಒಣ ಮಣ್ಣಿಗೆ ಚೆಲ್ಲಿ. ಶುಕ್ರವಾರ ಹೊಸಿಲು ತೊಳೆಯುತ್ತೀರಲ್ಲ, ಅದೇ ಕೈಯಲ್ಲಿ ಇದನ್ನೂ ತೊಳೆಯಿರಿ. ಲಕ್ಷ್ಮಿ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇದು ನಮ್ಮ ಮನೆಯ ಗೋಳು ಮಾತ್ರ ಅಲ್ಲ. 2001ರಲ್ಲಿ ದಕ್ಷಿಣ ಚೀನಾದಿಂದ ಹಡಗಿನಲ್ಲಿ ಲಾಸ್ ಏಂಜಲೀಸ್‌ಗೆ ಹೋದ ಲಕ್ಕಿ ಬ್ಯಾಂಬೂ ಕಂಟೇನರ್ ತೆರೆದರೆ ಒಳಗಿನಿಂದ ಟೈಗರ್ ಸೊಳ್ಳೆ, ಅದೂ ಒಂದು ಈಡಿಸ್ಸೇ, ಹಾರಿ ಬಂದವು. ಮೊದಲೆಲ್ಲ ವಿಮಾನದಲ್ಲಿ ನೀರಿಲ್ಲದೆ ಬರುತ್ತಿತ್ತು. ಬೇಡಿಕೆ ಜಾಸ್ತಿ ಆಯ್ತು, ಹಡಗಿಗೆ ಹಾಕಿದರು, ದಾರಿಯಲ್ಲಿ ಒಣಗದಿರಲಿ ಎಂದು ನೀರಲ್ಲಿ ನಿಲ್ಲಿಸಿದರು. 2005ರಲ್ಲಿ ನೆದರ್ಲೆಂಡ್ಸ್‌ನ ಗಾಜಿನ ಮನೆಗಳಲ್ಲೂ ಇದೇ ಗಿಡ, ಇದೇ ಸೊಳ್ಳೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಹಳದಿ ಯಾಕಾಗುತ್ತದೆ? ಗ್ರಹಚಾರದಿಂದಲ್ಲ. ಒಂದು, ನೇರ ಬಿಸಿಲು. ಇದು ದೊಡ್ಡ ಮರಗಳ ನೆರಳಲ್ಲಿ ಬೆಳೆದ ಗಿಡ, ಕಿಟಕಿಯ ಪರದೆ ದಾಟಿ ಬಂದ ಬೆಳಕು ಸಾಕು. ಇನ್ನೊಂದು, ನೀರಿನಲ್ಲಿರುವ ಕ್ಲೋರಿನ್ ಮತ್ತು ಫ್ಲೋರೈಡ್. ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ. ಫ್ಲೋರೈಡ್ ಹೋಗುವುದಿಲ್ಲ. ಕೋಲಾರ, ಪಾವಗಡದ ಕಡೆಯ ಬೋರ್‌ವೆಲ್ ನೀರು ಹಾಕಿದರೆ ಎಲೆಯ ತುದಿ ಕಂದಾಗಿ ಸುಟ್ಟ ಹಾಗಾಗುತ್ತದೆ. ಅಲ್ಲಿ ಮಕ್ಕಳ ಹಲ್ಲಿಗೇ ಆ ಬಣ್ಣ ಬಂದಿದೆ, ಗಿಡದ ಮಾತು ಆಮೇಲೆ. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು. ಕೆಳಗಿನ ಒಂದೆರಡು ಎಲೆ ಹಳದಿಯಾದರೆ ಚಿಂತೆ ಬೇಡ. ಕಾಂಡವೇ ಹಳದಿಯಾಗಿ ಮೆತ್ತಗಾದರೆ ಆ ಕಡ್ಡಿ ಮತ್ತೆ ಹಸಿರಾಗುವುದಿಲ್ಲ. ಕಿತ್ತುಬಿಡಿ, ಪಕ್ಕದ ಕಡ್ಡಿಗೆ ಕೊಳೆ ಹತ್ತುವ ಮೊದಲು.

ಐದು ನಿಮಿಷ ಎಂಬ ಚೀಟಿ ಬಂತು. ಕಾಂಡವನ್ನು ಸುರುಳಿ ಸುರುಳಿ ಮಾಡುವುದು ಹೇಗೆ ಎಂದು ವಿವರವಾಗಿ ಹೇಳಬೇಕೆಂದಿದ್ದೆ. ಬೆಳಕನ್ನು ಒಂದೇ ಕಡೆಯಿಂದ ಬಿಟ್ಟು ಗಿಡವನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗಬೇಕು, ಅಷ್ಟೇ. ಗೊಬ್ಬರ ಹೆಚ್ಚಾದರೆ ಅದಕ್ಕೂ ಹಳದಿ, ಎರಡು ತಿಂಗಳಿಗೆ ಒಂದೆರಡು ಹನಿ ದ್ರವ ಗೊಬ್ಬರ ಸಾಕು. ಬೆಕ್ಕು, ನಾಯಿ ಇರುವ ಮನೆಯಲ್ಲಿ ಎತ್ತರದಲ್ಲಿಡಿ, ಎಲೆ ತಿಂದರೆ ವಾಂತಿ ಮಾಡಿಕೊಳ್ಳುತ್ತವೆ. ಚಿಗುರು ಉದ್ದವಾದರೆ ಗಂಟಿನ ಕೆಳಗೆ ಕತ್ತರಿಸಿ ನೀರಲ್ಲಿಡಿ, ಕೆಲವು ವಾರಕ್ಕೆ ಬೇರು ಬರುತ್ತದೆ. ಹಿಂದಿನ ಮೇಜಿನ ಮೇಲೆ ಅಂಥ ಹನ್ನೆರಡು ತುಂಡು ಇಟ್ಟಿದ್ದೇನೆ, ಬೇಕಾದವರು ತೆಗೆದುಕೊಳ್ಳಿ. ಎಲ್ಲ ಆ ನಾದಿನಿ ಕೊಟ್ಟ ಗಿಡದ್ದೇ. ಹುಳ ಇಲ್ಲ, ಹೆದರಬೇಡಿ.

ವಂದನಾರ್ಪಣೆಯವರು ಶುರು ಮಾಡಿ. ಹಾಲ್ ಹಿಂದೆ ನಲ್ಲಿ ಇದೆ ಅಲ್ವಾ? ಅಷ್ಟರಲ್ಲಿ ಇದನ್ನು ತೊಳೆದುಕೊಂಡು ಬರುತ್ತೇನೆ. ಕಾರ್ಯದರ್ಶಿಗಳೇ, ಒಂದು ಬ್ರಷ್ ಸಿಗುತ್ತಾ ನೋಡಿ.