ಏಳೂವರೆ ನಾಟಕಕ್ಕೆ ಬೆಳಗ್ಗೆಯಿಂದಲೇ ತಯಾರಿ

ನಮಸ್ಕಾರ. ಇವತ್ತಿನ ವ್ಲಾಗಿನಲ್ಲಿ ದಕ್ಷಿಣ ಬೆಂಗಳೂರು ಸುತ್ತೋಣ. ಬೆಳಗ್ಗೆ ಬಸವನಗುಡಿಯಲ್ಲಿ ತಿಂಡಿ, ಮಧ್ಯಾಹ್ನ ಲಾಲ್‌ಬಾಗ್, ಸಂಜೆ ವಿ.ವಿ. ಪುರಂ, ರಾತ್ರಿ ಏಳೂವರೆಗೆ ಜೆ.ಪಿ. ನಗರದ ರಂಗಶಂಕರ ರಂಗಮಂದಿರದಲ್ಲಿ ನಾಟಕ. ಒಂದೇ ದಿನಕ್ಕೆಂದು ಬೆಂಗಳೂರಿಗೆ ಬರುವವರು ತಿನ್ನುವ ಜಾಗಗಳ ಪಟ್ಟಿಯನ್ನು ಮೊದಲು ಮಾಡಿ, ನಾಟಕವನ್ನು ಕೊನೆಗೆ ಅಂಟಿಸುತ್ತಾರೆ. ನೀವು ಟಿಕೆಟ್ ಮೊದಲು ತೆಗೆದುಕೊಳ್ಳಿ. ದೋಸೆ ಅರ್ಧ ಗಂಟೆ ಹಿಂದೆಮುಂದೆ ಆದರೆ ನಡೆಯುತ್ತದೆ, ನಾಟಕಕ್ಕೆ ಒಂದು ನಿಮಿಷ ತಡವಾದರೂ ಬಾಗಿಲು ಮುಚ್ಚಿರುತ್ತದೆ.

ವಾರದ ಯಾವ ದಿನ ಬರಬೇಕು? ರಂಗಶಂಕರಕ್ಕೆ ಸೋಮವಾರ ರಜೆ. ನಾವು ತಿನ್ನಲು ಹೋಗುವ ಹೋಟೆಲುಗಳಲ್ಲಿ ಎಂ.ಟಿ.ಆರ್.ಗೂ (ಮಾವಳ್ಳಿ ಟಿಫಿನ್ ರೂಮ್ಸ್) ಸೋಮವಾರವೇ ರಜೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ನಾಲ್ಕೂ ತೆರೆದಿರಬೇಕೆಂದರೆ ಮಂಗಳವಾರ, ಬುಧವಾರ, ಗುರುವಾರ, ಶನಿವಾರ ಉಳಿಯುತ್ತವೆ. ಶನಿವಾರ ಎಲ್ಲ ಕಡೆಯೂ ಜನ ಜಾಸ್ತಿ. ರಜೆ ಹಾಕುವುದಾದರೆ ಬುಧವಾರವೋ ಗುರುವಾರವೋ ಹಾಕಿ.

ಈಗ ನೀವು ನೋಡುತ್ತಿರುವುದು ಗಾಂಧಿ ಬಜಾರು. ವಿದ್ಯಾರ್ಥಿ ಭವನ ಇಲ್ಲಿ 1943ರಿಂದ ಇದೆ. ಏಳು ಗಂಟೆಯೊಳಗೆ ಬಂದರೆ ಬೇಗ ಜಾಗ ಸಿಗುತ್ತದೆ, ಎಂಟರ ಮೇಲೆ ಸಾಲು ಬೆಳೆಯುತ್ತದೆ. ಇಲ್ಲಿನ ಮಸಾಲೆ ದೋಸೆ ದಪ್ಪ, ಹೊರಗೆ ಕಡು ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ತೆಳ್ಳಗಿನ ಚಟ್ನಿ, ಸಾಂಬಾರ್ ಕೊಡುವುದಿಲ್ಲ. ಚಟ್ನಿಯನ್ನು ದೋಸೆಯ ಮೇಲೆ ಸುರಿದುಬಿಟ್ಟರೆ ಗರಿ ಎರಡೇ ನಿಮಿಷದಲ್ಲಿ ಹೋಗುತ್ತದೆ. ಚೂರು ಮುರಿದು ಅದ್ದಿಕೊಂಡು ತಿನ್ನಿ. ತುಪ್ಪ ಚೆನ್ನಾಗಿಯೇ ಬಿದ್ದಿರುತ್ತದೆ, ಹಾಗಾಗಿ ಇಬ್ಬರಿಗೆ ಒಂದು ದೋಸೆ ಸಾಕು. ದಿನ ಇನ್ನೂ ಉದ್ದ ಇದೆ.

ಅಲ್ಲಿಂದ ನಡೆದೇ ಹೊರಡಿ. ಹೂವಿನ ಅಂಗಡಿಗಳು, ಬ್ಯೂಗಲ್ ರಾಕ್, ದೊಡ್ಡ ಬಸವಣ್ಣನ ದೇವಸ್ಥಾನ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಆ ದಿನ ಬಂದರೆ ಬೇರೆ ಯಾವ ಯೋಜನೆಯೂ ಬೇಡ, ಪರಿಷೆಗೇ ದಿನ ಕೊಡಿ.

ಒಂಬತ್ತೂವರೆಯ ಹೊತ್ತಿಗೆ ಶಂಕರಪುರ. ಬ್ರಾಹ್ಮಿನ್ಸ್ ಕಾಫಿ ಬಾರ್, 1965ರದು. ಕೂರಲು ಕುರ್ಚಿ ಇಲ್ಲ, ಎಲ್ಲರೂ ನಿಂತು ತಿನ್ನುವವರೇ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಇಷ್ಟರಲ್ಲೇ ಮುಗಿಯಿತು. ಇಲ್ಲೂ ಸಾಂಬಾರ್ ಇಲ್ಲ, ಚಟ್ನಿಯನ್ನು ಮಾತ್ರ ಕೇಳಿದಷ್ಟು ಹಾಕುತ್ತಾರೆ. ಒಂದು ಇಡ್ಲಿ, ಒಂದು ವಡೆ ತೆಗೆದುಕೊಳ್ಳಿ. ವಡೆಯನ್ನು ಮೊದಲು ಗರಿಯಾಗಿ ಅರ್ಧ ತಿಂದು, ಉಳಿದರ್ಧವನ್ನು ಚಟ್ನಿಯಲ್ಲಿ ನೆನೆಯಲು ಬಿಟ್ಟರೆ ಎರಡು ರುಚಿಯೂ ಸಿಗುತ್ತದೆ. ಪಾರ್ಸೆಲ್ ಬೇಡ. ಕಾಯಿ ಚಟ್ನಿ ಬಿಸಿಲಿನಲ್ಲಿ ಚೀಲದೊಳಗೇ ಹುಳಿಯುತ್ತದೆ.

ಬಿಸಿಲು ಏರಿದ ಮೇಲೆ ಲಾಲ್‌ಬಾಗ್. ಗಾಜಿನ ಮನೆ 1889ರದು. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ನಡು ಮಧ್ಯಾಹ್ನ ಬಂಡೆ ಕಾಯ್ದಿರುತ್ತದೆ, ಅದಕ್ಕೆ ಮೊದಲೇ ಹತ್ತಿ ಇಳಿದು ಮರದ ನೆರಳು ಹಿಡಿಯಿರಿ.

ಎಂ.ಟಿ.ಆರ್. ಇಲ್ಲೇ ಪಕ್ಕದಲ್ಲಿ, 1924ರಲ್ಲಿ ಶುರುವಾದ ಸಂಸ್ಥೆ. ಮಧ್ಯಾಹ್ನದ ಊಟ ಅಲ್ಲಿ ಭರ್ಜರಿ, ಆದರೆ ನಾಟಕದ ದಿನ ಅದು ಬೇಡ ಎಂಬುದೇ ನಮ್ಮ ಸಲಹೆ. ಪೂರ್ತಿ ಊಟ ಮಾಡಿದರೆ ಸಂಜೆ ಏನೂ ಸೇರುವುದಿಲ್ಲ, ರಾತ್ರಿ ಸಭಾಂಗಣದ ಕತ್ತಲೆಯಲ್ಲಿ ಕಣ್ಣು ಎಳೆಯುತ್ತದೆ. ಮಧ್ಯಾಹ್ನದ ಟಿಫನ್ ಶುರುವಾದ ಮೇಲೆ ಹೋಗಿ ರವೆ ಇಡ್ಲಿ ತಿನ್ನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎಂದು ಎಂ.ಟಿ.ಆರ್. ಹೇಳುತ್ತದೆ. ತಟ್ಟೆ ಬಂದ ಕೂಡಲೇ ತುಪ್ಪ ಹಾಕಿಕೊಂಡು ತಿನ್ನಬೇಕು. ಆರಿದರೆ ರವೆ ಬಿಗಿದುಕೊಂಡು ಇಡ್ಲಿ ಒಣಗಿದಂತಾಗುತ್ತದೆ.

ಸಂಜೆ ಐದೂವರೆಗೆ ವಿ.ವಿ. ಪುರಂ, ಸಜ್ಜನ್ ರಾವ್ ವೃತ್ತದ ಹತ್ತಿರದ ತಿಂಡಿ ಬೀದಿ. ಈಗಷ್ಟೇ ಕಾವಲಿ ಇಡುತ್ತಿರುತ್ತಾರೆ, ಗದ್ದಲ ಕಡಿಮೆ. ಬಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಬಂದರೆ ಹಿತಕಿದ ಅವರೆಬೇಳೆಯ ದೋಸೆ ಬಿಡಬೇಡಿ, ಆದರೆ ಒಂದಕ್ಕೇ ನಿಲ್ಲಿಸಿ. ಅವರೆ ಹೊಟ್ಟೆ ಉಬ್ಬಿಸುತ್ತದೆ, ಮುಂದೆ ಅಲುಗಾಡದೆ ಕೂರುವ ಕೆಲಸ ಇದೆ. ವಿ.ಬಿ. ಬೇಕರಿಯಲ್ಲಿ ಕಾಂಗ್ರೆಸ್ ಕಡಲೆಕಾಯಿ (ಹುರಿದು ಮಸಾಲೆ ಹಚ್ಚಿದ ಕಡಲೆಕಾಯಿ ಬೀಜ), ಖಾರಾ ಬನ್ ಕಟ್ಟಿಸಿಕೊಳ್ಳಬಹುದು, ಅವು ಕೆಡುವುದಿಲ್ಲ.

ಆರು ಇಪ್ಪತ್ತಕ್ಕೆ ಎದ್ದುಬಿಡಿ. ಈ ಹೊತ್ತಿನಲ್ಲಿ ಕಾರು, ಆಟೋ ನಂಬಬೇಡಿ. ಸೌತ್ ಎಂಡ್ ಸರ್ಕಲ್ ದಾಟುವುದರಲ್ಲೇ ನಾಟಕ ತಪ್ಪಬಹುದು. ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ನಡೆದು ಹಸಿರು ಮಾರ್ಗದ ಮೆಟ್ರೋ ಹತ್ತಿ, ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಇಳಿದು, ಉಳಿದ ಸ್ವಲ್ಪ ದೂರಕ್ಕೆ ಮಾತ್ರ ಆಟೋ ಮಾಡಿ.

ಇದೇ ರಂಗಶಂಕರ. ಶಂಕರ್ ನಾಗ್ ಅವರ ಕನಸು. ಅವರು 1990ರಲ್ಲಿ ತೀರಿಕೊಂಡ ಮೇಲೆ ಅರುಂಧತಿ ನಾಗ್ ವರ್ಷಗಟ್ಟಲೆ ದುಡಿದು 2004ರಲ್ಲಿ ಬಾಗಿಲು ತೆರೆಸಿದರು. ನಾಟಕಕ್ಕೆಂದೇ ಕಟ್ಟಿದ ಮನೆ ಇದು, ಕೂತ ಕೂಡಲೇ ಗೊತ್ತಾಗುತ್ತದೆ. ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ, ಮೂರು ಕಡೆಯಿಂದ ನಾವು ಕೂರುತ್ತೇವೆ. ಆಸನದ ಸಂಖ್ಯೆ ಇರುವುದಿಲ್ಲ, ಮೊದಲು ಬಂದವರಿಗೆ ಮೊದಲ ಆಯ್ಕೆ. ಅದಕ್ಕೇ ಏಳಕ್ಕೆ ಮುಂಚೆ ಬಂದು ಸಾಲಿನಲ್ಲಿ ನಿಲ್ಲಿ ಎನ್ನುವುದು. ನಡುಭಾಗದಲ್ಲಿ ನಾಲ್ಕನೆಯ, ಐದನೆಯ ಸಾಲು ನಮ್ಮ ಮೆಚ್ಚಿನವು. ಮುಖಭಾವವೂ ಕಾಣುತ್ತದೆ, ರಂಗದ ಮೇಲಿನ ಇಡೀ ಚಲನೆಯೂ ಕಾಣುತ್ತದೆ. ಪಕ್ಕದ ತುದಿಯಲ್ಲಿ ಕೂತರೆ ಕೆಲವು ಮಾತುಗಳಿಗೆ ನಟರ ಬೆನ್ನು ಮಾತ್ರ ಸಿಗಬಹುದು.

ಟಿಕೆಟ್ ತೆಗೆಯುವಾಗ ಮೂರು ವಿಷಯ ನೋಡಿ. ಯಾವ ಭಾಷೆಯ ನಾಟಕ, ಎಷ್ಟು ನಿಮಿಷ, ಮಧ್ಯಂತರ ಇದೆಯೇ. ಇಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್, ಹಿಂದಿ ಮತ್ತಿತರ ಭಾಷೆಗಳ ನಾಟಕಗಳೂ ಆಗುತ್ತವೆ. ಮಧ್ಯಂತರ ಇಲ್ಲದ ನಾಟಕವಾದರೆ ಆರೂವರೆಯ ನಂತರ ಕಾಫಿ, ನೀರು ಕಡಿಮೆ ಮಾಡಿ, ಶೌಚಾಲಯಕ್ಕೆ ಹೋಗಿಯೇ ಒಳಗೆ ಹೋಗಿ. ಮಧ್ಯೆ ಎದ್ದರೆ ಬಾಗಿಲಿನ ಬೆಳಕು ಒಳಗೆ ನುಗ್ಗುತ್ತದೆ, ಕೆಲವೇ ಅಡಿ ದೂರದಲ್ಲಿರುವ ನಟರ ಏಕಾಗ್ರತೆ ಕೆಡುತ್ತದೆ. ತಡವಾದವರನ್ನು ಬಿಡದಿರುವುದೂ ಇದೇ ಕಾರಣಕ್ಕೆ, ಅದು ಸರಿಯಾದ ನಿಯಮ. ಫೋನನ್ನು ಸೈಲೆಂಟ್ ಮಾಡಿದರೆ ಸಾಲದು, ಪೂರ್ತಿ ಆಫ್ ಮಾಡಿ. ಪರದೆಯ ಬೆಳಕು ಹಿಂದಿನ ನಾಲ್ಕು ಸಾಲಿಗೆ ಕಣ್ಣು ಕುಕ್ಕುತ್ತದೆ. ಚಿತ್ರೀಕರಣಕ್ಕೂ ಅವಕಾಶ ಇಲ್ಲ, ಹಾಗಾಗಿ ಈ ವ್ಲಾಗಿನಲ್ಲಿ ನಾಟಕದ ತುಣುಕು ಇರುವುದಿಲ್ಲ.

ಬಂದ ದಿನ ಸೋಮವಾರವೇ ಆಗಿಬಿಟ್ಟರೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲೋ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ನಾಟಕ ಇದೆಯೇ ನೋಡಿ.

ನಾಟಕ ಮುಗಿದ ಕೂಡಲೇ ಓಡಬೇಡಿ. ಬಣ್ಣ ತೆಗೆದು ಬರುವ ನಟರು ಹೊರಗೆ ಕೆಫೆಯ ಬಳಿ ಸಿಗುವುದುಂಟು. ಯಾವ ದೃಶ್ಯ ತಟ್ಟಿತು, ಎಲ್ಲಿ ಮಾತು ಕೇಳಿಸಲಿಲ್ಲ ಎಂದು ನೇರವಾಗಿ ಹೇಳಿ, ಅವರಿಗೆ ಅದು ಬೇಕು. ಆಮೇಲೆ ಹಸಿವಾದರೆ ಮೊಸರನ್ನ ಸಾಕು. ವಾಪಸ್ ಮೆಟ್ರೋದಲ್ಲೇ ಹೋಗುವುದಾದರೆ ಕೊನೆಯ ರೈಲಿನ ಹೊತ್ತನ್ನು ಬೆಳಗ್ಗೆಯೇ ನೋಡಿಟ್ಟುಕೊಂಡಿರಿ.