16 ಜಿಬಿಯಲ್ಲಿ ಖರಾಬು ಎಷ್ಟು?

ಹಿಂದೆ ಕೇಳುತ್ತಿರುವ ಸದ್ದು ಮಳೆಯದು, ಮೈಕ್ ಕೆಟ್ಟಿಲ್ಲ. ಪುನರ್ವಸು ಮಳೆ ಹಂಚಿನ ಮೇಲೆ ಸುರಿಯುವಾಗ ಎಷ್ಟು ಒಳ್ಳೆಯ ಮೈಕ್ ಹಿಡಿದರೂ ಮನುಷ್ಯರ ಮಾತು ಸೋಲುತ್ತದೆ. ಅಲ್ಲಿ ಆಡಿದ ಮಾತನ್ನೆಲ್ಲ ಕೈಬಿಟ್ಟು, ಹಾಸನಕ್ಕೆ ವಾಪಸು ಬಂದು, ಕೋಣೆಯ ಬಾಗಿಲು ಹಾಕಿಕೊಂಡು, ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಕಾಣೆಯಾದ ರ್‍ಯಾಮ್ ಅನ್ನು, ಅಂದರೆ ಕೆಲಸದ ಹೊತ್ತಿಗೆ ಅದು ಬಳಸುವ ಮೆಮೊರಿಯನ್ನು, ಹುಡುಕಿದ ಈ ವಿಡಿಯೊಗೆ ಮಾತು ಸೇರಿಸುತ್ತಿದ್ದೇನೆ.

ಇದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರವಿರುವ ನಮ್ಮ ಚಿಕ್ಕಪ್ಪನ ಮನೆ. ಸಮಯ ಬೆಳಿಗ್ಗೆ ಏಳು. ಕೊಡೆಯನ್ನು ಕುತ್ತಿಗೆಗೆ ಒತ್ತಿಕೊಂಡು ಅಂಗಳದ ಮೂಲೆಯಲ್ಲಿ ಬಗ್ಗಿ ನಿಂತಿರುವವರೇ ಚಿಕ್ಕಪ್ಪ. ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಓದುತ್ತಾರೆ. ಅವರ ಲೆಕ್ಕ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಸರ್ಕಾರ ಮಿಲಿಮೀಟರಿಗೆ ಹೋಗಿ ದಶಕಗಳೇ ಆದವು, ಕಾಫಿ ಬೆಳೆಗಾರರ ಅಂಗಳಕ್ಕೆ ಅದಿನ್ನೂ ಬಂದಿಲ್ಲ. ಅಜ್ಜನ ಕಾಲದಿಂದ ಹೀಗೆ ಬರೆದಿಟ್ಟ ಮಳೆ ಪುಸ್ತಕಗಳು ಒಂದು ಬೀರು ತುಂಬ ಇವೆ. ಗೆದ್ದಲು ಓದಿ ಮುಗಿಸುವ ಮೊದಲು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಚಿಕ್ಕಪ್ಪ ಪಣ ತೊಟ್ಟಿದ್ದಾರೆ. ಒಂದೊಂದು ಪುಟದ ಫೋಟೊ, ಜೊತೆಗೆ ಒಂದು ದೊಡ್ಡ ಎಕ್ಸೆಲ್ ಹಾಳೆ, ಹಿನ್ನೆಲೆಯಲ್ಲಿ ಆಳುಗಳ ಚೆಕ್‌ರೋಲ್, ಅದರ ಮೇಲೆ ಕಾಳುಮೆಣಸಿನ ಧಾರಣೆ ತೋರಿಸುವ ಹತ್ತಾರು ಟ್ಯಾಬ್‌ಗಳು. 8 ಜಿಬಿ ರ್‍ಯಾಮ್ ಏದುಸಿರು ಬಿಡತೊಡಗಿತು.

ಚಿಕ್ಕಮಗಳೂರಿಗೆ ಹೋಗಿ ಇನ್ನೊಂದು 8 ಜಿಬಿ ಸ್ಟಿಕ್ ತಂದರು. ಅಂಗಡಿಯ ಹುಡುಗ ಹೇಳಿಕೊಟ್ಟಂತೆ ಖಾಲಿ ಇದ್ದ ಸ್ಲಾಟಿಗೆ ತಾವೇ ಸಿಕ್ಕಿಸಿದರು. ಮೂರು ದಿನ ಬಿಟ್ಟು ನನಗೆ ಫೋನ್ ಬಂತು.

"ಪುಟ್ಟಿ, ನನಗೆ ಮೋಸವಾಗಿದೆ. ಬಿಲ್ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನೀನು ಬಂದು ನೋಡಿ ಹೇಳು, ಆಮೇಲೆ ಅಂಗಡಿಗೆ ಹೋಗುತ್ತೇನೆ."

ಆ ಧ್ವನಿಯಲ್ಲಿ ಅವರು ಅಂಗಡಿಗೆ ಹೋಗುವುದನ್ನು ತಡೆಯಲೆಂದೇ ಶನಿವಾರ ಬೈಕ್ ಬಿಟ್ಟು ಬಸ್ ಹತ್ತಿದೆ. ಬೇಲೂರಿನಲ್ಲಿ ಯಗಚಿ ಕೆಂಪಾಗಿ ಹರಿಯುತ್ತಿದ್ದ ಈ ದೃಶ್ಯ ಬಸ್ಸಿನ ಕಿಟಕಿಯಿಂದ ತೆಗೆದದ್ದು. ಗಾಜಿನ ಮೇಲಿನ ಹನಿಗಳಿಗೆ ಕ್ಷಮೆ ಇರಲಿ.

ಈಗ ಪರದೆ ನೋಡಿ. 'ದಿಸ್ ಪಿಸಿ' ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದಿದ್ದೇನೆ. ಇನ್‌ಸ್ಟಾಲ್ಡ್ ರ್‍ಯಾಮ್ 16.0 ಜಿಬಿ. ಪಕ್ಕದಲ್ಲೇ ಆವರಣದೊಳಗೆ ಸಣ್ಣದಾಗಿ, 5.95 ಜಿಬಿ ಯೂಸಬಲ್. ಅಂದರೆ ಹೊಸ ಸ್ಟಿಕ್ ಬಂದ ಮೇಲೂ ಕೆಲಸಕ್ಕೆ ಸಿಗುತ್ತಿರುವುದು ಒಂದು ಸ್ಟಿಕ್‌ಗಿಂತ ಕಡಿಮೆ. ಚಿಕ್ಕಪ್ಪ ಕನ್ನಡಕ ಏರಿಸಿ, ಆ ಸಾಲನ್ನು ಎರಡು ಸಲ ಓದಿ, ನಾನು ಮೂರು ವಿಡಿಯೊ ಮಾಡಿದರೂ ಹೇಳಲಾಗದಿದ್ದ ಮಾತನ್ನು ಹೇಳಿದರು.

"ಇದು ನಮ್ಮ ಪಹಣಿ ಇದ್ದ ಹಾಗೆ ಇದೆ. ಒಟ್ಟು ವಿಸ್ತೀರ್ಣ ಒಂದು, ಖರಾಬು ಕಳೆದು ಉಳಿದದ್ದು ಇನ್ನೊಂದು. ಹತ್ತು ಜಿಬಿ ಖರಾಬು ಯಾರು ಬರೆದರು?"

ಪಹಣಿ ನೋಡದವರಿಗಾಗಿ ಹೇಳುತ್ತೇನೆ. ಸರ್ವೆ ನಂಬರಿನ ಒಟ್ಟು ನೆಲದಲ್ಲಿ ಬಂಡೆ, ಉಳುಮೆಗೆ ಒದಗದ ಜಾಗ 'ಅ' ಖರಾಬು. ರಸ್ತೆ, ಹಳ್ಳ ಎಂದು ಸಾರ್ವಜನಿಕರಿಗೆ ಬಿಟ್ಟದ್ದು 'ಬ' ಖರಾಬು. ಎರಡನ್ನೂ ಕಳೆದ ಮೇಲೆ ಉಳಿದದ್ದಕ್ಕೆ ಮಾತ್ರ ಕಂದಾಯ. ವಿಂಡೋಸ್‌ನಲ್ಲೂ ಖರಾಬಿಗೆ ಒಂದು ಕಾಲಂ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಕೆಳಗೆ ಬಲಗಡೆ 'ಹಾರ್ಡ್‌ವೇರ್ ರಿಸರ್ವ್ಡ್' ಎಂದಿದೆ. ನಮ್ಮಲ್ಲಿ ಅದು 10.1 ಜಿಬಿ. ಅದರ ಮೇಲೆಯೇ, ಎರಡರಲ್ಲಿ ಎರಡು ಸ್ಲಾಟ್ ಬಳಕೆಯಲ್ಲಿವೆ ಎಂದೂ ಬರೆದಿದೆ.

ಇಲ್ಲಿಂದ ನೇರವಾಗಿ ಪೆಟ್ಟಿಗೆ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಹಿಂದೊಮ್ಮೆ ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಇಂಥದ್ದನ್ನೇ ಎರಡು ನಿಮಿಷದಲ್ಲಿ ಸರಿಪಡಿಸಿ ಹೊಗಳಿಸಿಕೊಂಡಿದ್ದೆ, ಆ ಹೆಮ್ಮೆ ಮೊದಲು, ವಿಂಡೋಸ್ ಏಳುವ ಬಗೆಯನ್ನು ಹೊಂದಿಸುವ ಎಂಎಸ್‌ಕಾನ್ಫಿಗ್‌ಗೆ ಎಳೆದುಕೊಂಡು ಹೋಯಿತು. ಅಲ್ಲಿ ಬೂಟ್ ಎಂಬ ಭಾಗದ ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ 'ಮ್ಯಾಕ್ಸಿಮಮ್ ಮೆಮೊರಿ' ಎಂಬ ಚೌಕವಿದೆ. ಹೆಸರು ನೋಡಿ ಕಂಪ್ಯೂಟರ್ ವೇಗವಾಗುತ್ತದೆ ಎಂದು ಜನ ಅದಕ್ಕೆ ಟಿಕ್ ಹಾಕುತ್ತಾರೆ, ಹಾಕಿ ಎಂದು ಬೋಧಿಸುವ ವಿಡಿಯೊಗಳೂ ಇವೆ. ಅದರ ಕೆಲಸ ಹೆಚ್ಚು ಕೊಡುವುದಲ್ಲ, ಇದಕ್ಕಿಂತ ಮೇಲೆ ಮುಟ್ಟಬೇಡ ಎಂದು ಬೇಲಿ ಹಾಕುವುದು. ಗೆಳತಿ 4096 ಎಂಬಿ, ಅಂದರೆ 4 ಜಿಬಿ, ಎಂದು ಬೇಲಿ ಹಾಕಿಕೊಂಡಿದ್ದಳು. ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಆ ಚೌಕ ಖಾಲಿ ಇತ್ತು. ಖಾಲಿ ಇದ್ದರೆ ಖಾಲಿಯಾಗಿಯೇ ಇರಲಿ.

ಆಮೇಲೆ ವಿಂಡೋಸ್ 32 ಬಿಟ್ಟಿನದೇ ಎಂದು ನೋಡಿದೆ. ಅಲ್ಲ, 64. ಆದರೂ ಇದರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹಳೆಯ ಯಂತ್ರಗಳು ಇನ್ನೂ ಎಷ್ಟೋ ಮನೆಗಳಲ್ಲಿ ಓಡುತ್ತಿವೆ. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಕೊಡಿಸಿದ ಕಂಪ್ಯೂಟರಿಗೆ 4 ಜಿಬಿ ಹಾಕಿಸಿ, ಅದು 3.25 ಎಂದು ತೋರಿಸಿದ್ದಕ್ಕೆ ಅಂಗಡಿಯವರ ಜೊತೆ ಜಗಳವಾಡಿ ಬಂದಿದ್ದೆ. ತಪ್ಪು ನನ್ನದೇ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು. 32 ಬಿಟ್ಟುಗಳಲ್ಲಿ ಬರೆಯಬಹುದಾದ ವಿಳಾಸಗಳು ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296. ಒಂದು ಬೈಟಿಗೆ ಒಂದು ವಿಳಾಸ, ಸರಿಯಾಗಿ 4 ಜಿಬಿ. ಆದರೆ ಗ್ರಾಫಿಕ್ಸ್ ಕಾರ್ಡು, ನೆಟ್‌ವರ್ಕ್ ಕಾರ್ಡು, ಇತರ ಸಾಧನಗಳಿಗೂ ಇದೇ ಸಾಲಿನಲ್ಲಿ ವಿಳಾಸ ಬೇಕು. ಅವು ಹಿಡಿದುಕೊಂಡ ನಂಬರುಗಳು ರ್‍ಯಾಮ್‌ಗೆ ಸಿಗುವುದಿಲ್ಲ.

ಚಿಕ್ಕಪ್ಪ ತಲೆಯಾಡಿಸಿದರು. "ಕೆರೆಗೂ ಗೋಮಾಳಕ್ಕೂ ಸರ್ವೆ ನಂಬರ್ ಇರುತ್ತದಲ್ಲ."

ಹೌದು, ಅಷ್ಟೇ. ಇನ್ನೊಂದು ಮಿತಿ ವಿಂಡೋಸ್‌ನ ಆವೃತ್ತಿಯದು. ವಿಂಡೋಸ್ 7 ಹೋಮ್ ಬೇಸಿಕ್ 64 ಬಿಟ್ ಆಗಿದ್ದರೂ 8 ಜಿಬಿಗೆ ನಿಲ್ಲುತ್ತದೆ, ಹೋಮ್ ಪ್ರೀಮಿಯಂ 16ಕ್ಕೆ. ನಮ್ಮ ಮುಂದಿರುವುದು ವಿಂಡೋಸ್ 10 ಹೋಮ್, ಅದರ ಮಿತಿ 128. ಅಲ್ಲಿಗೆ ಸಾಫ್ಟ್‌ವೇರ್ ನಿರಪರಾಧಿ ಎಂದು ತೀರ್ಮಾನವಾಯಿತು, ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬರುವವರೆಗೆ ಕಡುಬು ಮತ್ತು ಕಳಲೆ ಸಾರು. ಚಿಕ್ಕಮ್ಮ ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ಒಲೆಯ ಹಿಂದೆ ಸರಿದರು, ಹಾಗಾಗಿ ಈ ದೃಶ್ಯದಲ್ಲಿ ಕಡುಬು ಮಾತ್ರ ಇದೆ.

ಊಟದ ನಡುವೆ ಚಿಕ್ಕಪ್ಪ ಕೇಳಿದ ಪ್ರಶ್ನೆಯೇ ಇಡೀ ವಿಷಯದ ಗಂಟು. "ಸ್ಟಿಕ್ ಕೆಲಸ ಮಾಡುತ್ತಿಲ್ಲ ಎಂದಾದರೆ 16 ಎಂದು ತೋರಿಸುವುದು ಹೇಗೆ? ತೋರಿಸುತ್ತಿದೆ ಎಂದಾದರೆ ಕೆಲಸ ಮಾಡುವುದಿಲ್ಲವೇಕೆ?"

ಪ್ರತಿ ಸ್ಟಿಕ್ ಮೇಲೆ ದೊಡ್ಡ ಮೆಮೊರಿ ಚಿಪ್‌ಗಳ ನಡುವೆ ಅಕ್ಕಿಕಾಳಿನಷ್ಟು ಪುಟ್ಟದೊಂದು ಚಿಪ್ ಇರುತ್ತದೆ. ಅದಕ್ಕೆ ಎಸ್‌ಪಿಡಿ ಎನ್ನುತ್ತಾರೆ. ನಾನು ಇಷ್ಟು ಜಿಬಿ, ನನ್ನ ವೇಗ ಇಷ್ಟು, ನನ್ನನ್ನು ಮಾಡಿದವರು ಇಂಥವರು ಎಂದು ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಎದ್ದ ಕೂಡಲೇ ಬಯೋಸ್, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಮೂಲ ತಂತ್ರಾಂಶ, ಅದನ್ನು ಓದುತ್ತದೆ. ಓದುವ ದಾರಿ ಬೇರೆಯೇ ತಂತಿಗಳದು, ನಿಧಾನ, ಹೆಚ್ಚು ನಾಜೂಕಿಲ್ಲದ್ದು. ನಿಜವಾದ ದತ್ತಾಂಶ ಓಡಾಡುವುದು 64 ಪ್ರತ್ಯೇಕ ಗೆರೆಗಳಲ್ಲಿ, ಸೆಕೆಂಡಿಗೆ ಕೋಟಿಗಟ್ಟಲೆ ಸಲ. ಒಂದು ಗೆರೆಯಲ್ಲಿ ಕಸ ಕೂತರೂ ಬಯೋಸ್ ಆ ಸ್ಟಿಕ್ ಅನ್ನು ನಂಬದೆ ಪಕ್ಕಕ್ಕಿಡಬಹುದು. ಹೆಸರು ಮಾತ್ರ ಆಗಲೇ ಪುಸ್ತಕದಲ್ಲಿ ಬರೆದಾಗಿರುತ್ತದೆ. ಚೆಕ್‌ರೋಲ್‌ನಲ್ಲಿ ಹಾಜರಿ ಬಿದ್ದಿದೆ, ಆಳು ತೋಟದಲ್ಲಿಲ್ಲ.

"ಅಂಥವರು ನನಗೆ ಹೊಸಬರಲ್ಲ" ಎಂದರು ಚಿಕ್ಕಪ್ಪ.

ಕರೆಂಟು ಬಂತು, ಆದರೆ ಈಗ ಅದನ್ನು ತೆಗೆಯುವ ಸರದಿ ನಮ್ಮದು. ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿದೆ. ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಒಮ್ಮೆ ಮುಟ್ಟಿದೆ, ಮೈಯಲ್ಲಿನ ಸ್ಥಿರ ವಿದ್ಯುತ್ ಚಿಪ್‌ಗೆ ಇಳಿಯಬಾರದು. ಮಲೆನಾಡಿನ ಮಳೆಗಾಲದಲ್ಲಿ ಆ ಭಯ ಕಡಿಮೆ, ಗಾಳಿಯೇ ಒದ್ದೆ. ಅಭ್ಯಾಸ ತಪ್ಪಬಾರದೆಂದು ಮುಟ್ಟಿದೆ.

ಅಂಗಡಿಯ ಹುಡುಗನ ಮಾನ ಉಳಿಸುವ ಪರೀಕ್ಷೆ ಮೊದಲು. ಎರಡೂ ಸ್ಟಿಕ್ ತೆಗೆದು, ಹೊಸದನ್ನೊಂದನ್ನೇ ಹಳೆಯ ಸ್ಲಾಟಿಗೆ ಹಾಕಿದೆ. ಕಂಪ್ಯೂಟರ್ ಎದ್ದಿತು, 8 ಜಿಬಿ, ಬಳಕೆಗೆ 5.95. ಕಡಿಮೆ ಬಿದ್ದ ಎರಡರ ಲೆಕ್ಕ ಆಮೇಲೆ, ಹೊಸ ಸ್ಟಿಕ್ ಆರೋಗ್ಯವಾಗಿದೆ. ನಂತರ ವರ್ಷಗಟ್ಟಲೆ ದುಡಿದ ಹಳೆಯ ಸ್ಟಿಕ್ ಒಂದನ್ನೇ ಖಾಲಿ ಇದ್ದ ಸ್ಲಾಟಿಗೆ ಹಾಕಿದೆ. ಪರದೆ ಕಪ್ಪು. ಫ್ಯಾನ್ ತಿರುಗುತ್ತದೆ, ಚಿತ್ರವಿಲ್ಲ. ಅಪರಾಧಿ ಸ್ಲಾಟ್. ಚಿಕ್ಕಪ್ಪ ಜೇಬಿನಿಂದ ಬಿಲ್ ತೆಗೆದು, ನೋಡಿ, ಮತ್ತೆ ಮಡಿಸಿ ಒಳಗಿಟ್ಟರು.

ಇಲ್ಲಿ ವಿಡಿಯೊ ನಿಲ್ಲಿಸಿ ಬೇಕಾದರೆ ಹಿಗ್ಗಿಸಿ ನೋಡಿ. ಟಾರ್ಚಿನ ಬೆಳಕಿನಲ್ಲಿ ಕಾಣುತ್ತಿರುವುದು ಆರೇಳು ವರ್ಷ ಖಾಲಿ ಬಿದ್ದಿದ್ದ ಸ್ಲಾಟ್. ಎಡಗಡೆಯ ತುದಿಯಲ್ಲಿ ಬೂದು ಬಣ್ಣದ ಹತ್ತಿಯಂಥದ್ದು ಜೇಡನ ಬಲೆ. ಅದಕ್ಕೆ ಹಂಡೆ ಒಲೆಯ ಮಸಿ ಅಂಟಿ, ಮಳೆಗಾಲದ ಪಸೆ ಸೇರಿ, ಮೇಣದಂತೆ ಗಟ್ಟಿಯಾಗಿದೆ. ಪಕ್ಕದ ಸ್ಲಾಟಿನಲ್ಲಿ ಸ್ಟಿಕ್ ಕೂತಿದ್ದರಿಂದ ಅದು ಶುದ್ಧ. ಬಳಸದೆ ಬಿಟ್ಟ ಗದ್ದೆಯೇ ಮೊದಲು ಕಳೆ ಏರುವುದು.

ಊದಬೇಡಿ. ಬಾಯಿಂದ ಊದಿದರೆ ಉಗುಳಿನ ಪಸೆಯೂ ಒಳಗೆ ಹೋಗುತ್ತದೆ. ನನ್ನ ಬಳಿ ಕ್ಯಾಮೆರಾ ಲೆನ್ಸಿಗೆಂದು ಇಟ್ಟುಕೊಂಡಿದ್ದ ರಬ್ಬರ್ ಗಾಳಿಬುಡ್ಡೆ ಇತ್ತು, ಒಂದು ಮೆತ್ತನೆಯ ಬಣ್ಣದ ಕುಂಚವೂ ಇತ್ತು. ಕುಂಚದ ತುದಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಸ್ಲಾಟಿನ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಎಳೆದೆ. ಮೂರನೆಯ ಸಲ ಬಲೆ ಮುದ್ದೆಯಾಗಿ ಕುಂಚಕ್ಕೆ ಸುತ್ತಿಕೊಂಡು ಹೊರಬಂತು. ಜೇಡ ಮನೆಯಲ್ಲಿರಲಿಲ್ಲ, ಪುಣ್ಯ.

ಸ್ಟಿಕ್‌ಗಳ ಸರದಿ. ಡಿಡಿಆರ್4 ಸ್ಟಿಕ್‌ಗೆ 288 ಸಂಪರ್ಕ ಬಿಂದುಗಳು, ಒಂದೊಂದು ಬದಿಗೆ 144. ಹಳೆಯ ಸ್ಟಿಕ್ಕಿನ ಚಿನ್ನದ ಹೊಳಪು ಮಂಕಾಗಿತ್ತು. ಮಳೆ ಪುಸ್ತಕದ ತಪ್ಪು ತಿದ್ದಲು ಚಿಕ್ಕಪ್ಪ ಇಟ್ಟುಕೊಂಡಿರುವ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿದೆ. ರಬ್ಬರ್ ಬೇಡವೇ ಬೇಡ ಎನ್ನುವವರಿದ್ದಾರೆ, ಜೋರಾಗಿ ಉಜ್ಜಿದರೆ ಲೇಪ ಸವೆಯುವುದು ನಿಜ. ನನ್ನ ಮಟ್ಟಿಗೆ ಎರಡು ಮೂರು ಸಲ ಹಗುರವಾಗಿ ಆಡಿಸಿ, ಪುಡಿಯನ್ನು ಪೂರ್ತಿ ಒರೆಸಿದರೆ ತೊಂದರೆಯಾಗಿಲ್ಲ.

ಸ್ಟಿಕ್ಕಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಹೊಂದಿದೆಯೇ ನೋಡಿ, ಎರಡು ಹೆಬ್ಬೆರಳಿನಿಂದ ಎರಡು ತುದಿಯನ್ನೂ ಸಮನಾಗಿ ಒತ್ತಿದೆ. ಟಕ್. ಆ ಸದ್ದು ಮಳೆಯನ್ನೂ ಮೀರಿ ಮೈಕಿಗೆ ಸಿಕ್ಕಿದೆ, ಕೇಳಿ. ಚಿಕ್ಕಪ್ಪ ಸಿಕ್ಕಿಸಿದಾಗ ಈ ಸದ್ದು ಬಂದಿತ್ತೇ ಎಂದು ಕೇಳಿದೆ. "ಬಂದಿತ್ತು ಎಂದೇ ಇಟ್ಟುಕೋ" ಎಂದರು.

ಮತ್ತೆ ಪರದೆ. 16.0 ಜಿಬಿ, ಬಳಕೆಗೆ 13.9. ಹೋಗಿದ್ದ ಎಂಟೂ ವಾಪಸು. ಇಷ್ಟಕ್ಕೂ ಬಗ್ಗದಿದ್ದರೆ ಪ್ರೊಸೆಸರ್ ಎತ್ತಿ ನೋಡಬೇಕಾಗುತ್ತಿತ್ತು. ಈಗಿನ ಪ್ರೊಸೆಸರ್‌ಗಳಲ್ಲಿ ಮೆಮೊರಿಯನ್ನು ನಡೆಸುವ ಭಾಗ ಅದರ ಹೊಟ್ಟೆಯಲ್ಲೇ ಇರುವುದರಿಂದ, ಅಡಿಯ ಒಂದು ಪಿನ್ ಬಾಗಿದ್ದರೂ ಒಂದಿಡೀ ಸ್ಲಾಟ್ ಸಾಯಬಹುದು. ಚಿಕ್ಕಪ್ಪನ ರೈಜನ್ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟಿಗೆ ಅಂಥ ಪಿನ್‌ಗಳು 1331. ಕಳಲೆ ಸಾರು ಉಂಡ ಕಣ್ಣಿಗೆ ಆ ಕೆಲಸ ಬೀಳದಿದ್ದದ್ದು ಒಳ್ಳೆಯದಾಯಿತು.

"ಇನ್ನೂ ಎರಡು ಚಿಲ್ಲರೆ ಕಡಿಮೆ ಇದೆ" ಎಂದರು ಚಿಕ್ಕಪ್ಪ. ಕಂದಾಯ ಕಟ್ಟಿದವರ ಕಣ್ಣು.

ಇದು 'ಬ' ಖರಾಬು ಎಂದೆ. ಈ ಕಂಪ್ಯೂಟರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ರ್‍ಯಾಮ್‌ನಿಂದಲೇ ಜಾಗ ಬಿಟ್ಟುಕೊಟ್ಟಿದ್ದಾರೆ. ಆಟ ಆಡುವವರಿಗೆ 2 ಜಿಬಿ ಬೇಕಾದೀತು, ಮಳೆ ಲೆಕ್ಕಕ್ಕೆ ಅಷ್ಟು ಅಗಲದ ರಸ್ತೆ ಬೇಡ. ಕಂಪ್ಯೂಟರ್ ಏಳುವಾಗ ಡಿಲೀಟ್ ಕೀ ಒತ್ತುತ್ತ ಬಯೋಸ್‌ಗೆ ಹೋಗಿ, 'ಯುಎಂಎ ಫ್ರೇಮ್ ಬಫರ್ ಸೈಜ್' ಎಂಬುದನ್ನು 2 ಜಿಬಿಯಿಂದ 512 ಎಂಬಿಗೆ ಇಳಿಸಿದೆ. ಮದರ್‌ಬೋರ್ಡ್ ಬೇರೆಯಾದರೆ ಇದು ಕೂತಿರುವ ಜಾಗವೂ ಬೇರೆ, ಹುಡುಕಬೇಕು. ಎಲ್ಲಿಯೂ ಸಿಗದಿದ್ದರೆ ಆ ಎರಡು ಜಿಬಿಯನ್ನು ಮರೆತುಬಿಡಿ, ಅದು ಕಳವಾಗಿಲ್ಲ.

ರಾತ್ರಿ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್ ಎಂಬ ಮೆಮೊರಿ ಪರೀಕ್ಷೆ ಓಡಿಸಿ ಮಲಗಿದೆವು. ಒಂದು ಗಂಟೆಗೆ ಕರೆಂಟು ಕೈಕೊಟ್ಟು ಯುಪಿಎಸ್ ಕಿರುಚಿದ್ದರಿಂದ, ಎದ್ದು ನಿಲ್ಲಿಸಿ, ಬೆಳಗಿನ ಜಾವ ಮತ್ತೆ ಮೊದಲಿಂದ. ಒಂದು ಸುತ್ತು ಮುಗಿದಾಗ ತಪ್ಪುಗಳ ಕಾಲಂನಲ್ಲಿ ಸೊನ್ನೆ.

ಇದು ಭಾನುವಾರ ಬೆಳಿಗ್ಗೆ ಏಳು ಗಂಟೆ. ಅಂಗಳದಿಂದ ಬಂದ ಚಿಕ್ಕಪ್ಪ 2 ಇಂಚು 15 ಸೆಂಟು ಎಂದು ಪುಸ್ತಕದಲ್ಲಿ ಬರೆದು, ಅದನ್ನೇ ಎಕ್ಸೆಲ್‌ನಲ್ಲೂ ಹೊಡೆದರು. ಹಾಳೆ ಏದುಸಿರು ಬಿಡಲಿಲ್ಲ. ಪ್ರಾಪರ್ಟೀಸ್ ತೆರೆದು ತೋರಿಸು ಎಂದರು, ತೋರಿಸಿದೆ. ಕನ್ನಡಕ ಏರಿಸಿ ಓದಿ, ಪೆನ್ಸಿಲ್ ತೆಗೆದುಕೊಂಡು, ಮಳೆ ಪುಸ್ತಕದ ಅಂಚಿನಲ್ಲಿ ಬರೆದದ್ದು ಇದು: ಒಟ್ಟು 16. ಖರಾಬು ಬ, 0.6. ಉಳಿಕೆ 15.4.